ಬೆಳ್ಳಗಿರುವುದೆಲ್ಲ ಯಾರ್ಕ್‌ಷೈರ್ ಅಲ್ಲ

ಓದುಗರ ಪ್ರಶ್ನೆ, ತಜ್ಞರ ಉತ್ತರ
ಈ ಸಲದ ವಿಷಯ: ಹಂದಿ ತಳಿಗಳ ಡಿಎನ್‌ಎ ಹೋಲಿಕೆ

ಪ್ರಶ್ನೆ: ಯಾರ್ಕ್‌ಷೈರ್ ಎಂದು ಹೇಳಿ ಒಂದು ಬಿಳಿ ಗಂಡು ಹಂದಿ ಮಾರಿದ್ದಾರೆ. ಮೈಮೇಲೆ ಹುಡುಕಿದರೂ ಒಂದು ಕಪ್ಪು ಕೂದಲಿಲ್ಲ. ನನ್ನಲ್ಲಿರುವುದು ಕಪ್ಪು ನಾಟಿ ಹೆಣ್ಣುಗಳು. ಗಂಡು ಅಪ್ಪಟ ತಳಿಯೇ ಎಂದು ತಿಳಿಯಲು ಡಿಎನ್‌ಎ ಪರೀಕ್ಷೆ ಮಾಡಿಸಬೇಕೆ?
(ಸಾಕಣೆದಾರರು, ಸೋಮವಾರಪೇಟೆ)

ಉತ್ತರ: ಬಣ್ಣವನ್ನು ನಂಬಿ ತಳಿ ಹೇಳಲಾಗದು. ಯಾರ್ಕ್‌ಷೈರ್ ಮತ್ತು ಲ್ಯಾಂಡ್‌ರೇಸ್ ಹಂದಿಗಳ ಬಿಳುಪಿಗೆ ಕಾರಣ 8ನೇ ಕ್ರೋಮೋಸೋಮಿನಲ್ಲಿರುವ ಕಿಟ್ ಎಂಬ ಜೀನ್. ಅದರ ಬಿಳಿ ರೂಪ ಪ್ರಬಲವಾದದ್ದು. ತಂದೆಯಿಂದಲೋ ತಾಯಿಯಿಂದಲೋ ಒಂದು ಪ್ರತಿ ಬಂದರೂ ಮರಿ ಬೆಳ್ಳಗೆ ಹುಟ್ಟುತ್ತದೆ. ಅಪ್ಪಟ ಯಾರ್ಕ್‌ಷೈರ್ ಗಂಡನ್ನು ಕಪ್ಪು ನಾಟಿ ಹೆಣ್ಣಿಗೆ ಬಿಟ್ಟರೆ ಮರಿಗಳೆಲ್ಲ ಬಿಳಿ, ಆದರೆ ಅವುಗಳಲ್ಲಿ ಅರ್ಧ ನಾಟಿ ರಕ್ತ. ಅಂಥದೊಂದು ಮರಿಯನ್ನೇ ಬೆಳೆಸಿ ಯಾರ್ಕ್‌ಷೈರ್ ಎಂದು ಮಾರಿದರೆ ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ.

ನಿಮ್ಮಲ್ಲಿ ಕಪ್ಪು ಹೆಣ್ಣುಗಳಿರುವುದರಿಂದ ಮೊದಲ ಪರೀಕ್ಷೆ ಕಾಸಿಲ್ಲದೆ ಆಗುತ್ತದೆ. ಗಂಡಿನಲ್ಲಿ ಬಿಳಿ ರೂಪದ ಎರಡು ಪ್ರತಿಗಳಿದ್ದರೆ ಮರಿಗಳೆಲ್ಲ ಬಿಳಿ. ಒಂದೇ ಪ್ರತಿ ಇದ್ದರೆ ಸರಾಸರಿ ಅರ್ಧದಷ್ಟು ಮರಿಗಳು ಬಣ್ಣದವು. ಒಂದೇ ಪ್ರತಿ ಇದ್ದೂ 8 ಮರಿಗಳಿಗೆ 8 ಬಿಳಿಯೇ ಹುಟ್ಟುವ ಸಾಧ್ಯತೆ 256ರಲ್ಲಿ 1 ಮಾತ್ರ. ಆದ್ದರಿಂದ ಒಂದು ತುಂಬು ಸೂಲು ಸಾಕು, ಎರಡಾದರೆ ಅನುಮಾನವೇ ಉಳಿಯದು. ಆ ಹೆಣ್ಣು ಬೆದೆಯಲ್ಲಿದ್ದಾಗ ಬೇರೆ ಗಂಡು ಹತ್ತಿರ ಸುಳಿಯಬಾರದು, ಏಕೆಂದರೆ ಹಂದಿಯ ಒಂದೇ ಸೂಲಿನಲ್ಲಿ ಎರಡು ತಂದೆಯ ಮರಿಗಳು ಇರುವುದುಂಟು. ಬಿಳಿ ಮರಿಯ ಚರ್ಮದ ಮೇಲೆ ಅಲ್ಲೊಂದು ಇಲ್ಲೊಂದು ಚಿಕ್ಕ ಚುಕ್ಕೆ ಕಂಡರೆ ಅದನ್ನು ಬಣ್ಣದ ಮರಿಯ ಲೆಕ್ಕಕ್ಕೆ ಹಿಡಿಯಬೇಡಿ.

ಮರಿಗಳೆಲ್ಲ ಬಿಳಿಯಾದರೆ ಗಂಡು ಅಪ್ಪಟ ಎಂದಾಯಿತೆ? ಇಲ್ಲ. ಲ್ಯಾಂಡ್‌ರೇಸ್‌ನಲ್ಲೂ ಇದೇ ಎರಡು ಪ್ರತಿಗಳಿವೆ. ಮಿಶ್ರತಳಿಯ ಎರಡು ಬಿಳಿ ಹಂದಿಗಳನ್ನು ಕೂಡಿಸಿದರೂ ನಾಲ್ಕರಲ್ಲೊಂದು ಮರಿಗೆ ಎರಡು ಪ್ರತಿ ಬರುತ್ತದೆ. ಈ ಪರೀಕ್ಷೆಯಿಂದ ಬೆರಕೆ ಸಾಬೀತಾಗಬಹುದು, ಶುದ್ಧತೆ ಸಾಬೀತಾಗದು. ಕಿವಿಯನ್ನೂ ನೋಡಿ: ಯಾರ್ಕ್‌ಷೈರ್‌ಗೆ ನೆಟ್ಟಗೆ ನಿಂತ ಕಿವಿ, ಲ್ಯಾಂಡ್‌ರೇಸ್‌ಗೆ ಕಣ್ಣಿನ ಮೇಲೆ ಮುಂದಕ್ಕೆ ಬಾಗಿದ ಕಿವಿ.

ಡಿಎನ್‌ಎ ಮೂಲಕ ಶುದ್ಧತೆ ಅಳೆಯಲು ನಿಮ್ಮ ಹಂದಿಯ ಮಾದರಿಯೊಂದೇ ಸಾಲದು. ಗೊತ್ತಿರುವ ಯಾರ್ಕ್‌ಷೈರ್, ಲ್ಯಾಂಡ್‌ರೇಸ್ ಮತ್ತು ನಾಟಿ ಹಂದಿಗಳ ದತ್ತಾಂಶ ಲ್ಯಾಬಿನಲ್ಲಿ ಇರಬೇಕು, ಅದರ ಪಕ್ಕದಲ್ಲಿಟ್ಟು ಅಳೆಯಬೇಕು. ಸುಮಾರು 30 ಮೈಕ್ರೋಸ್ಯಾಟಲೈಟ್ ಗುರುತುಗಳಿಂದ, ಅಂದರೆ ಚಿಕ್ಕ ಅಕ್ಷರಗುಚ್ಛ ಮತ್ತೆ ಮತ್ತೆ ಬಂದು ಪ್ರಾಣಿಯಿಂದ ಪ್ರಾಣಿಗೆ ಉದ್ದ ಬದಲಾಗುವ ಡಿಎನ್‌ಎ ಜಾಗಗಳಿಂದ, ಅರ್ಧ ಬೆರಕೆಯನ್ನು ಹಿಡಿಯಬಹುದು. ಎಂಟರಲ್ಲೊಂದು ಪಾಲು ಬೆರಕೆ ಇದ್ದರೆ ಅದು ಅಳತೆಯ ತಪ್ಪಿನೊಳಗೇ ಮುಚ್ಚಿಹೋಗುತ್ತದೆ. ಅಷ್ಟು ನಯವಾಗಿ ನೋಡಲು ಸಾವಿರಾರು ಎಸ್‌ಎನ್‌ಪಿಗಳು, ಅಂದರೆ ಒಂದೊಂದೇ ಅಕ್ಷರದ ವ್ಯತ್ಯಾಸಗಳು ಬೇಕು. ಮಾಂಸಕ್ಕೆ ಮರಿ ಮಾಡುವವರಿಗೆ ಇಷ್ಟೆಲ್ಲ ಬೇಕಿಲ್ಲ. ಮಾರಿದವರ ಬಳಿ ತಂದೆ ತಾಯಿಯ ಕಿವಿಗುರುತಿನ ಸಂಖ್ಯೆ ಮತ್ತು ಸೂಲಿನ ದಾಖಲೆ ಕೇಳಿ. ಅದನ್ನು ಕೊಡಲಾಗದವರಿಂದ ತಳಿಗಂಡು ಕೊಳ್ಳಬೇಡಿ.

ಪ್ರಶ್ನೆ: ಘುಂಗ್ರೂ, ನಿಯಾಂಗ್ ಮೇಘಾ, ಅಗೊಂಡಾ ಗೋವನ್ ತಳಿಗಳನ್ನು ಹೋಲಿಸುವ ಪ್ರಬಂಧ ಮಾಡಬೇಕೆಂದಿದ್ದೇನೆ. ಎಷ್ಟು ಪ್ರಾಣಿ, ಯಾವ ಮಾದರಿ, ಎಷ್ಟು ಮಾರ್ಕರ್ (ಡಿಎನ್‌ಎ ಗುರುತು) ಬೇಕು?
(ಪಶುವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿನಿ, ಬೀದರ್)

ಉತ್ತರ: ಒಳ್ಳೆಯ ಆಯ್ಕೆ. ಒಂದು ಉತ್ತರ ಬಂಗಾಳದ ತರಾಯಿಯದು, ಒಂದು ಮೇಘಾಲಯದ ಬೆಟ್ಟದ್ದು, ಇನ್ನೊಂದು ನಮ್ಮ ಪಕ್ಕದ ಗೋವಾದ್ದು. ಮೂರೂ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊದಲ್ಲಿ ನೋಂದಣಿಯಾದ ತಳಿಗಳು. ನಾಲ್ಕನೆಯದಾಗಿ ಯಾರ್ಕ್‌ಷೈರ್ ಸೇರಿಸಿಕೊಳ್ಳಿ. ಹಳ್ಳಿಗಳಿಗೆ ವಿದೇಶಿ ಗಂಡುಗಳು ಹೋಗಿ ದಶಕಗಳೇ ಆಗಿವೆ. ಆ ಬೆರಕೆಯನ್ನು ಅಳೆಯಲು ಹೊರಗಿನದೊಂದು ಅಳತೆಗೋಲು ಇಲ್ಲದಿದ್ದರೆ ಕಂಡದ್ದೆಲ್ಲ ತಳಿಯ ಸ್ವಂತ ಗುಣವೆಂದು ಬರೆದುಬಿಡುತ್ತೀರಿ.

ತಳಿಗೆ ಕನಿಷ್ಠ 25 ಪ್ರಾಣಿ, ಸಾಧ್ಯವಾದರೆ 40, ಗಂಡು ಹೆಣ್ಣು ಎರಡೂ. ಸಂಖ್ಯೆಗಿಂತ ಮುಖ್ಯವಾದದ್ದು ಅವು ಒಂದಕ್ಕೊಂದು ನೆಂಟರಾಗಿರಬಾರದು ಎಂಬುದು. ಒಂದು ಮನೆಯಿಂದ ಒಂದೇ ಹಂದಿ, ಒಂದು ಹಳ್ಳಿಯಿಂದ ಎರಡು ಮೂರು ಸಾಕು. ಊರಿಗೆಲ್ಲ ಒಂದೇ ಗಂಡು ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಇದ್ದರೆ ಆ ಊರಿನ ಎಳೆಯ ಮರಿಗಳೆಲ್ಲ ಒಂದೇ ತಂದೆಯವು, ಹತ್ತು ತೆಗೆದರೂ ಅವು ಹತ್ತು ಮಾದರಿಯಾಗುವುದಿಲ್ಲ. ಫಾರಂ ಒಂದಕ್ಕೆ ಹೋಗಿ ಒಂದೇ ಬೆಳಗ್ಗೆ 25 ರಕ್ತ ತೆಗೆದು ಬರುವುದು ಸುಲಭ, ಹಾಗೆ ಬಂದ ಪ್ರಬಂಧಗಳೂ ಕಡಿಮೆಯಿಲ್ಲ.

ರಕ್ತವಾದರೆ 3ರಿಂದ 5 ಮಿಲಿ, ಹೆಪ್ಪುಗಟ್ಟದಂತೆ ಈಡಿಟಿಎ ಹಾಕಿದ ಕೊಳವೆಯಲ್ಲಿ. ಹೆಪಾರಿನ್ ಕೊಳವೆ ಬೇಡ, ಅದು ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ಗೆ ಅಡ್ಡ ಬರುತ್ತದೆ. ಹಳ್ಳಿಯಲ್ಲಿ ಹಂದಿಯನ್ನು ಮೂತಿಗೆ ಹಗ್ಗ ಹಾಕಿ ಹಿಡಿದು ರಕ್ತ ತೆಗೆಯುವುದಕ್ಕಿಂತ ಕಿವಿಯಂಚಿನ ಚಿಕ್ಕ ಚೂರು ತೆಗೆಯುವುದು ಬೇಗ ಆಗುತ್ತದೆ. ಚೂರಿನ ಹತ್ತು ಪಟ್ಟು 95 ಪ್ರತಿಶತದ ಎಥನಾಲ್ ಹಾಕಿ, ಮರುದಿನ ಆ ಎಥನಾಲ್ ಚೆಲ್ಲಿ ಹೊಸತು ತುಂಬಿ. ಮೊದಲ ದಿನ ಅಂಗಾಂಶದ ನೀರು ಸೇರಿ ಅದು ತೆಳುವಾಗಿರುತ್ತದೆ, ಹಾಗೆಯೇ ಬಿಟ್ಟರೆ ಡಿಎನ್‌ಎ ತುಂಡಾಗುತ್ತದೆ. ಬಿರುಗೂದಲಾದರೆ ಕತ್ತರಿಸಬಾರದು, ಬೇರು ಸಮೇತ ಕಿತ್ತ 20–30 ಎಳೆಗಳನ್ನು ಒಣ ಕಾಗದದ ಕವರಿನಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ.

ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಭಾರತಕ್ಕೆ ಬಂದ ಮೇಲೆ ಮಾದರಿ ಸಂಗ್ರಹ ಹಳೆಯ ಹಾಗಿಲ್ಲ. ಸೂಜಿ ಪ್ರತಿ ಹಂದಿಗೂ ಹೊಸದು, ಬೂಟು ಪ್ರತಿ ಮನೆಗೂ ತೊಳೆದದ್ದು. ಕಿವಿ ಕತ್ತರಿಸುವ ಇಕ್ಕಳವನ್ನು 2.3 ಪ್ರತಿಶತ ಕ್ಲೋರಿನ್ ಇರುವ ಹೈಪೋಕ್ಲೋರೈಟ್‌ನಲ್ಲಿ 30 ನಿಮಿಷ ಮುಳುಗಿಸಿಡಿ. ಹೀಗಾಗಿ ಜೇಬಿನಲ್ಲಿ ನಾಲ್ಕೈದು ಇಕ್ಕಳ ಇರಬೇಕು. ಆಮೇಲೆ ಚೆನ್ನಾಗಿ ನೀರಿನಲ್ಲಿ ತೊಳೆಯದಿದ್ದರೆ ಉಳಿದ ಕ್ಲೋರಿನ್ ಮುಂದಿನ ಮಾದರಿಯ ಡಿಎನ್‌ಎಯನ್ನೇ ತಿನ್ನುತ್ತದೆ. ಹೊರಡುವ ಮುನ್ನ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೈಯಲ್ಲಿರಲಿ. ಮಾದರಿಯನ್ನು ವಿದೇಶದ ಲ್ಯಾಬಿಗೆ ಕಳಿಸುವ ಯೋಚನೆಯಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ದಾರಿ ಹಿಡಿಯಬೇಕು.

ಮಾರ್ಕರ್ ವಿಷಯಕ್ಕೆ ಬಂದರೆ, ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ ಹಂದಿಗೆಂದೇ 30 ಮೈಕ್ರೋಸ್ಯಾಟಲೈಟ್‌ಗಳ ಪಟ್ಟಿ ಶಿಫಾರಸು ಮಾಡಿದೆ: ಎಸ್‌ಡಬ್ಲ್ಯೂ240, ಎಸ್‌ಡಬ್ಲ್ಯೂ857, ಎಸ್0155, ಎಸ್0226 ಇತ್ಯಾದಿ. ಸ್ವಂತ ಆಯ್ಕೆ ಮಾಡದೆ ಈ ಪಟ್ಟಿಯಿಂದಲೇ 20–25 ತೆಗೆದುಕೊಂಡರೆ ಬೇರೆಯವರ ಕೆಲಸದ ಪಕ್ಕದಲ್ಲಿಟ್ಟು ನೋಡಬಹುದು. ಪಟ್ಟಿಯಲ್ಲಿರುವ ಎಸ್0218 ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಗಂಡಿನಲ್ಲಿ ಅದರ ಒಂದೇ ಅಲೀಲ್ (ಆ ಜಾಗದ ಒಂದು ರೂಪ) ಕಾಣುವುದು ಸಹಜ. ಉಳಿದವುಗಳ ಜೊತೆ ಸೇರಿಸಿ ಲೆಕ್ಕ ಹಾಕಿದರೆ ಇಲ್ಲದ ಒಳಸಂತಾನ (ನೆಂಟರೊಳಗೇ ಕೂಡಿ ಹುಟ್ಟುವುದು) ಇದ್ದಂತೆ ತೋರುತ್ತದೆ.

ಪ್ರಶ್ನೆ: ಮೈಕ್ರೋಸ್ಯಾಟಲೈಟ್ ಅಳೆಯಲು ಎರಡು ಸಲ ಓಡಿಸಿದ ಮಾದರಿ ಪ್ಲೇಟ್‌ಗಳಲ್ಲಿ ಒಂದೇ ಲೋಕಸ್‌ನ (ಡಿಎನ್‌ಎ ಜಾಗದ) ಅಲೀಲ್‌ಗಳು 2 ಬೇಸ್ (ಅಕ್ಷರ) ಹೆಚ್ಚು ಕಡಿಮೆ ಬರುತ್ತಿವೆ. ಕೆಲವು ಲೋಕಸ್‌ಗಳಲ್ಲಿ ಹೆಟೆರೋಜೈಗೋಟ್‌ಗಳೇ (ಎರಡು ಬೇರೆ ಅಲೀಲ್ ಇರುವ ಪ್ರಾಣಿಗಳೇ) ಕಡಿಮೆ. ತಪ್ಪು ಎಲ್ಲಿ?
(ಲ್ಯಾಬ್ ತಂತ್ರಜ್ಞರು, ಬೆಂಗಳೂರು)

ಉತ್ತರ: ಮೈಕ್ರೋಸ್ಯಾಟಲೈಟ್ ಅಲೀಲ್‌ನ ಉದ್ದ ಯಂತ್ರದ ಅಂದಾಜು, ಸೆಂಟಿಮೀಟರ್ ಪಟ್ಟಿಯ ಅಳತೆಯಲ್ಲ. ತುಂಡುಗಳಿಗೆ ಹಚ್ಚಿದ ಬಣ್ಣ, ಯಂತ್ರದ ಪಾಲಿಮರ್, ಸೈಜ್ ಸ್ಟ್ಯಾಂಡರ್ಡ್ (ಉದ್ದ ಗೊತ್ತಿರುವ ಡಿಎನ್‌ಎ ತುಂಡುಗಳು), ಕೋಣೆಯ ಶಾಖ ಯಾವುದು ಬದಲಾದರೂ ಅಂಕಿ ಜಾರುತ್ತದೆ. ಒಂದೇ ಪ್ರಾಣಿಯ ಡಿಎನ್‌ಎಯನ್ನು ಪ್ರತಿ ಪ್ಲೇಟಿನಲ್ಲೂ ಇಡಿ. ಅದರ ಅಂಕಿ ಎಷ್ಟು ಜಾರಿದೆಯೋ ಅಷ್ಟನ್ನೇ ಉಳಿದವುಗಳಲ್ಲೂ ಸರಿಪಡಿಸಿ. ಒಂದು ತಳಿಗೆ ಒಂದು ಪ್ಲೇಟ್ ಎಂದು ಹಂಚಬೇಡಿ. ಹಂಚಿದರೆ ಪ್ಲೇಟುಗಳ ವ್ಯತ್ಯಾಸವೇ ತಳಿಗಳ ವ್ಯತ್ಯಾಸವಾಗಿ ಕುಳಿತುಬಿಡುತ್ತದೆ, ಆಮೇಲೆ ಬಿಡಿಸಲಾಗದು. ಬೇರೆ ಲ್ಯಾಬಿನ ದತ್ತಾಂಶ ಸೇರಿಸುವುದಾದರೂ ಇದೇ ನಿಯಮ: ಸಮಾನ ಮಾದರಿ ಇಲ್ಲದೆ ಅಂಕಿ ಬೆರೆಸಬಾರದು.

ಯಂತ್ರ ಬಿಡಿಸುವ ಗೆರೆಚಿತ್ರದಲ್ಲಿ ಮುಖ್ಯ ಶಿಖರಕ್ಕಿಂತ 2 ಬೇಸ್ ಹಿಂದೆ ಗಿಡ್ಡ ಶಿಖರವಿದ್ದರೆ ಅದು ನಕಲು ಮಾಡುವ ಕಿಣ್ವ ಪಾಲಿಮರೇಸ್ ಜಾರಿದ ಗುರುತು, ಅಲೀಲ್ ಅಲ್ಲ. 1 ಬೇಸ್ ಅಂತರದ ಜೋಡಿ ಶಿಖರ ಕಂಡರೆ ತುಂಡುಗಳ ತುದಿಗೆ ಎ ಅಕ್ಷರ ಅರ್ಧಕ್ಕೆ ಮಾತ್ರ ಸೇರಿದೆ ಎಂದರ್ಥ. ಪಿಸಿಆರ್‌ನ ಕೊನೆಯ 72 ಡಿಗ್ರಿ ಹಂತವನ್ನು 10 ನಿಮಿಷದಿಂದ 30–45 ನಿಮಿಷಕ್ಕೆ ಏರಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಶಿಖರದ ತಲೆ ಚಪ್ಪಟೆಯಾಗಿದ್ದರೆ ಪಿಸಿಆರ್ ದ್ರವ ಹೆಚ್ಚಾಗಿದೆ, ತೆಳುಮಾಡಿ ಮತ್ತೆ ಓಡಿಸಿ.

ಹೆಟೆರೋಜೈಗೋಟ್ ಕೊರತೆಗೆ ಮೂರು ಕಾರಣ ಇರಬಹುದು, ಒಂದೊಂದರ ಗುರುತೂ ಬೇರೆ. ಎಲ್ಲ ಲೋಕಸ್‌ಗಳಲ್ಲೂ ಸಮನಾಗಿ ಕೊರತೆಯಿದ್ದರೆ ಹಿಂಡಿನಲ್ಲಿ ಒಳಸಂತಾನವಿದೆ, ಇಲ್ಲವೇ ನೀವು ಎರಡು ಬೇರೆ ಗುಂಪುಗಳನ್ನು ಒಂದೆಂದು ಲೆಕ್ಕ ಹಾಕಿದ್ದೀರಿ. ಒಂದೆರಡು ಲೋಕಸ್‌ಗಳಲ್ಲಿ ಮಾತ್ರ ಇದ್ದರೆ ಪ್ರೈಮರ್ (ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಂಡು) ಕೂರುವ ಜಾಗದಲ್ಲೇ ಅಕ್ಷರ ಬದಲಾಗಿ ಒಂದು ಅಲೀಲ್ ಕಾಣದಾಗಿದೆ. ಈ ಪ್ರೈಮರ್‌ಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ತಳಿಗಳ ಡಿಎನ್‌ಎ ನೋಡಿ ಮಾಡಿದವು, ನಾಟಿ ಹಂದಿಯಲ್ಲಿ ಹೀಗಾದರೆ ಆಶ್ಚರ್ಯವಿಲ್ಲ. ಪ್ರೈಮರ್ ಬೆಸೆಯುವ ಶಾಖವನ್ನು 2–3 ಡಿಗ್ರಿ ಇಳಿಸಿ ನೋಡಿ. ಸರಿಹೋಗದಿದ್ದರೆ ಆ ಲೋಕಸ್ ಕೈಬಿಡಿ. ಹಳೆಯ, ತುಂಡಾದ ಡಿಎನ್‌ಎಯಲ್ಲಿ ಉದ್ದದ ಅಲೀಲ್ ಮಾತ್ರ ಕಾಣೆಯಾಗುವುದು ಮೂರನೆಯ ಬಗೆ. ಒಟ್ಟು ಮಾದರಿಗಳಲ್ಲಿ ಹತ್ತರಲ್ಲೊಂದನ್ನು ಹೆಸರು ಮುಚ್ಚಿ ಎರಡನೇ ಸಲ ಓಡಿಸಿದರೆ ತಪ್ಪಿನ ಪ್ರಮಾಣ ಕೈಗೆ ಸಿಗುತ್ತದೆ.

ಪ್ರಶ್ನೆ: ಹಳ್ಳಿಗಳ ಘುಂಗ್ರೂ, ಒಂದು ಫಾರಂನ ಘುಂಗ್ರೂ ಮತ್ತು ನಿಯಾಂಗ್ ಮೇಘಾ ಹೋಲಿಸಿದೆವು. ವಂಶವೃಕ್ಷದಲ್ಲಿ ಫಾರಂ ಹಿಂಡು ಹಳ್ಳಿ ಘುಂಗ್ರೂವಿನಿಂದ ನಿಯಾಂಗ್ ಮೇಘಾಕ್ಕಿಂತಲೂ ದೂರ ನಿಂತಿದೆ. ಅದನ್ನು ಪ್ರತ್ಯೇಕ ತಳಿ ಎನ್ನಬಹುದೇ?
(ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಅವಸರ ಬೇಡ. ಮೊದಲು ಆ ಫಾರಂನಲ್ಲಿ ಎಷ್ಟು ಗಂಡುಗಳು ಎಂದು ಕೇಳಿ. 2 ಗಂಡು, 30 ಹೆಣ್ಣು ಇದ್ದರೆ ತಲೆ ಎಣಿಕೆ 32, ಆದರೆ ಆನುವಂಶಿಕ ಲೆಕ್ಕದಲ್ಲಿ ಪರಿಣಾಮಕಾರಿ ಸಂಖ್ಯೆ ಬೇರೆ: 4 × 2 × 30 ಭಾಗಿಸು 32, ಅಂದರೆ ಬರೀ 7.5. ಪ್ರತಿ ತಲೆಮಾರಿನಲ್ಲಿ ಹಿಂಡು ಕಳೆದುಕೊಳ್ಳುವ ವೈವಿಧ್ಯ 1 ಭಾಗಿಸು 15 (7.5ರ ಎರಡು ಪಟ್ಟು), ಸುಮಾರು 6.7 ಪ್ರತಿಶತ. ಹೊರಗಿನ ಗಂಡು ತರದೆ ಐದು ತಲೆಮಾರು ಕಳೆದರೆ 29 ಪ್ರತಿಶತ ಹೋಗಿರುತ್ತದೆ. ಹೋಗುವಾಗ ಕೆಲವು ಅಲೀಲ್‌ಗಳು ಪೂರ್ತಿ ಅಳಿದು ಕೆಲವು ತುಂಬಿಕೊಳ್ಳುತ್ತವೆ. ಮರ ಬಿಡಿಸುವ ಕಂಪ್ಯೂಟರಿಗೆ ಇದು ಶತಮಾನಗಳ ಅಗಲಿಕೆಯೋ, ಹತ್ತು ವರ್ಷದ ಗಂಡುಗಳ ಬರವೋ ಗೊತ್ತಾಗದು. ಉದ್ದ ಕೊಂಬೆ ಬರೆದುಬಿಡುತ್ತದೆ.

ಎರಡನ್ನೂ ಬೇರೆ ಮಾಡುವ ಬಗೆ ಹೀಗೆ. ಫಾರಂ ಹಿಂಡಿನಲ್ಲಿ ಅಲೀಲ್‌ಗಳ ಸಂಖ್ಯೆ ಕಡಿಮೆಯಿದ್ದು, ಇರುವ ಅಲೀಲ್‌ಗಳೆಲ್ಲ ಹಳ್ಳಿ ಘುಂಗ್ರೂವಿನಲ್ಲೂ ಇದ್ದರೆ ಅದು ಹಳ್ಳಿಯ ಹಿಂಡಿನದೇ ಒಂದು ಹಿಡಿ. ಅಲ್ಲಿ ಮಾತ್ರ ಇರುವ ಅಲೀಲ್‌ಗಳು ಹಲವು ಲೋಕಸ್‌ಗಳಲ್ಲಿ, ಒಳ್ಳೆಯ ಪ್ರಮಾಣದಲ್ಲಿ ಕಂಡರೆ ಮಾತ್ರ ಬೇರೆ ಮೂಲದ ಮಾತು. ಮಾದರಿಯ ಸಂಖ್ಯೆ ಸಮನಿಲ್ಲದಿದ್ದರೆ ಅಲೀಲ್‌ಗಳನ್ನು ನೇರ ಎಣಿಸಬೇಡಿ. 40 ಪ್ರಾಣಿಯ ಗುಂಪಿನಲ್ಲಿ 18 ಪ್ರಾಣಿಯ ಗುಂಪಿಗಿಂತ ಹೆಚ್ಚು ಅಲೀಲ್ ಸಿಗುವುದು ಸಹಜ. ಚಿಕ್ಕ ಗುಂಪಿನ ಸಂಖ್ಯೆಗೆ ಇಳಿಸಿ ಹೋಲಿಸಿ.

ಹಂಗೆರಿಯ ಮಂಗಲಿತ್ಸಾ ಹಂದಿ ಇದಕ್ಕೆ ಒಳ್ಳೆಯ ಪಾಠ. ಉಣ್ಣೆಯಂಥ ಗುಂಗುರು ಕೂದಲಿನ ಆ ಹಂದಿಯಲ್ಲಿ ಹೊಂಬಣ್ಣದ್ದು, ಕೆಂಪು, ಹೊಟ್ಟೆ ಮಾತ್ರ ಬಿಳುಪಾದದ್ದು ಎಂದು ಮೂರು ಬಗೆ. ಇಪ್ಪತ್ತನೆಯ ಶತಮಾನದ ಕೊನೆಗೆ ಅವುಗಳ ಸಂತತಿ ತೀರಾ ಕುಗ್ಗಿ ಅಲ್ಪಸ್ವಲ್ಪ ಉಳಿದವುಗಳಿಂದ ಮತ್ತೆ ಬೆಳೆಸಿದ್ದು. ಈಗ ಮೂರರ ನಡುವೆ ಕಾಣುವ ಅಂತರದಲ್ಲಿ ಹಳೆಯ ಬೇರ್ಪಡೆ ಎಷ್ಟು, ಆ ಕುಗ್ಗಿದ ಕಾಲದ ಕೊಡುಗೆ ಎಷ್ಟು ಎಂದು ಮಾರ್ಕರ್‌ಗಳ ಜೊತೆಗೆ ತಳಿಪುಸ್ತಕವನ್ನೂ ಓದಿದರೆ ಮಾತ್ರ ಹೇಳಬಹುದು.

ತಳಿಗಳ ನಡುವಿನ ವ್ಯತ್ಯಾಸ ಹೇಳುವ ಎಫ್‌ಎಸ್‌ಟಿ ಅಂಕಿಯನ್ನೂ ಕುರುಡಾಗಿ ಓದಬೇಡಿ. ಒಂದು ಲೆಕ್ಕ ಮಾಡೋಣ. ಎರಡೇ ಅಲೀಲ್‌ಗಳ ಲೋಕಸ್. ಮೊದಲನೆಯ ಅಲೀಲ್‌ನ ಪ್ರಮಾಣ ಒಂದು ತಳಿಯಲ್ಲಿ 0.8, ಇನ್ನೊಂದರಲ್ಲಿ 0.4. ತಳಿಗಳೊಳಗಿನ ನಿರೀಕ್ಷಿತ ಹೆಟೆರೋಜೈಗೋಸಿಟಿ (ಎರಡು ಬೇರೆ ಅಲೀಲ್ ಸಿಗುವ ಸಾಧ್ಯತೆ) 0.32 ಮತ್ತು 0.48, ಸರಾಸರಿ 0.40. ಎರಡನ್ನೂ ಬೆರೆಸಿದರೆ ಪ್ರಮಾಣ 0.6, ಹೆಟೆರೋಜೈಗೋಸಿಟಿ 0.48. ಎಫ್‌ಎಸ್‌ಟಿ ಎಂದರೆ 0.48ರಿಂದ 0.40 ಕಳೆದು 0.48ರಿಂದ ಭಾಗಿಸಿದ್ದು, 0.167. ಈಗ ಹತ್ತಾರು ಅಲೀಲ್‌ಗಳ ಮೈಕ್ರೋಸ್ಯಾಟಲೈಟ್ ತೆಗೆದುಕೊಳ್ಳಿ. ತಳಿಯೊಳಗಿನ ಹೆಟೆರೋಜೈಗೋಸಿಟಿ 0.75 ಇದ್ದರೆ, ಎರಡು ತಳಿಗಳಿಗೆ ಒಂದು ಅಲೀಲ್ ಕೂಡ ಸಮಾನವಿಲ್ಲದಿದ್ದರೂ ಈ ಅಂಕಿ 0.25 ದಾಟುವಂತಿಲ್ಲ, ಸೂತ್ರವೇ ಹಾಗಿದೆ. ಆದ್ದರಿಂದ ಮೈಕ್ರೋಸ್ಯಾಟಲೈಟ್‌ನ 0.12ನ್ನು ಎಸ್‌ಎನ್‌ಪಿಯ 0.12ರ ಪಕ್ಕದಲ್ಲಿಟ್ಟು ತೂಗಬಾರದು. ಹತ್ತಿರದ ತಳಿಗಳಿಗೆ ರೇನಾಲ್ಡ್ಸ್ ಅಂತರ ಮತ್ತು ನೇಯ್ ಅವರ ಡಿಎ ಅಂತರ ಎಂಬ ಎರಡೂ ಆನುವಂಶಿಕ ಅಳತೆ ಕೊಡಿ. ಮರದ ಕವಲುಗಳಿಗೆ 1000 ಬೂಟ್‌ಸ್ಟ್ರಾಪ್ (ದತ್ತಾಂಶವನ್ನು ಮತ್ತೆ ಮತ್ತೆ ಆರಿಸಿ ಮರ ಬಿಡಿಸುವುದು) ಹಾಕಿ, 50 ಪ್ರತಿಶತಕ್ಕಿಂತ ಕೆಳಗೆ ಬಿದ್ದ ಕವಲಿನ ಮೇಲೆ ವಾದ ಕಟ್ಟಬೇಡಿ. ಪ್ರಾಣಿಗಳನ್ನು ಗುಂಪುಗಳಾಗಿ ವಿಂಗಡಿಸುವ ಸ್ಟ್ರಕ್ಚರ್ ತಂತ್ರಾಂಶದಲ್ಲಿ ಕೆ (ಗುಂಪುಗಳ ಸಂಖ್ಯೆ) ಬೆಲೆ 1ರಿಂದ ತಳಿಗಳ ಸಂಖ್ಯೆಗಿಂತ ಎರಡು ಹೆಚ್ಚಿನವರೆಗೆ, ಪ್ರತಿಯೊಂದನ್ನೂ ಕನಿಷ್ಠ 10 ಸಲ ಓಡಿಸಿ. ಒಂದೇ ಸೂಲಿನ ಮರಿಗಳು ಮಾದರಿಯಲ್ಲಿ ನುಸುಳಿದ್ದರೆ ಅವು ಅದರ ಚಿತ್ರದಲ್ಲಿ ತಮ್ಮದೇ ಒಂದು ಬಣ್ಣ ಮಾಡಿಕೊಂಡು ಕುಳಿತಿರುತ್ತವೆ, ಅದನ್ನು ಹೊಸ ತಳಿ ಎಂದುಕೊಂಡವರು ಉಂಟು.

ಪ್ರಶ್ನೆ: 60 ಸಾವಿರ ಎಸ್‌ಎನ್‌ಪಿಗಳನ್ನು ಒಟ್ಟಿಗೆ ಓದುವ ಚಿಪ್‌ನಲ್ಲಿ ನೋಡಿದರೆ ಊರೂರು ಅಲೆದು ತಂದ ನಾಟಿ ಹಂದಿಗಳಿಗಿಂತ ಫಾರಂ ಯಾರ್ಕ್‌ಷೈರ್‌ನಲ್ಲೇ ವೈವಿಧ್ಯ ಹೆಚ್ಚು ಎಂದು ಬಂದಿದೆ. ಮೈಟೋಕಾಂಡ್ರಿಯಾದ (ಜೀವಕೋಶದ ಶಕ್ತಿಕೇಂದ್ರದ) ಡಿಎನ್‌ಎ ನೋಡಿದರೆ ಕೆಲವು ಯಾರ್ಕ್‌ಷೈರ್‌ಗಳು ಏಷ್ಯಾದ ಗುಂಪಿಗೆ ಸೇರಿವೆ. ಮಾದರಿಗಳೇನಾದರೂ ಅದಲುಬದಲಾದವೇ?
(ಸಂಶೋಧಕರು, ಮೈಸೂರು)

ಉತ್ತರ: ಅದಲುಬದಲಾಗಿರಬೇಕಿಲ್ಲ, ಎರಡಕ್ಕೂ ಕಾರಣವಿದೆ. 2009ರಲ್ಲಿ ಬಂದ ಆ ಚಿಪ್‌ಗೆ ಎಸ್‌ಎನ್‌ಪಿಗಳನ್ನು ಹುಡುಕಿದ್ದು ಡ್ಯೂರಾಕ್, ಪಿಯೆಟ್ರಾನ್, ಲ್ಯಾಂಡ್‌ರೇಸ್, ಲಾರ್ಜ್ ವೈಟ್ ತಳಿಗಳಲ್ಲಿ ಮತ್ತು ಕಾಡುಹಂದಿಯಲ್ಲಿ. ನಮ್ಮ ಲಾರ್ಜ್ ವೈಟ್ ಯಾರ್ಕ್‌ಷೈರ್‌ನಲ್ಲಿ ಎಲ್ಲಿ ಅಕ್ಷರ ಬದಲಾಗುತ್ತದೆಯೋ ಅಲ್ಲಿಗೇ ದೀಪ ಹಿಡಿದಿದ್ದಾರೆ. ನಾಟಿ ಹಂದಿ ಬದಲಾಗುವ ಜಾಗಗಳು ಕತ್ತಲಲ್ಲೇ ಉಳಿದಿವೆ. ಮೈಕ್ರೋಸ್ಯಾಟಲೈಟ್‌ನಲ್ಲಿ ಇದೇ ಪ್ರಾಣಿಗಳನ್ನು ನೋಡಿದರೆ ಫಲಿತಾಂಶ ತಿರುಗಿ ನಿಲ್ಲಬಹುದು. ಪರಸ್ಪರ ಅಂಟಿಕೊಂಡ ಎಸ್‌ಎನ್‌ಪಿಗಳನ್ನು ತೆಗೆದುಹಾಕಿದರೆ (50 ಎಸ್‌ಎನ್‌ಪಿಯ ಕಿಟಕಿ, 5ರ ಹೆಜ್ಜೆ, ನಂಟಿನ ಅಳತೆಯಾದ ಆರ್ ವರ್ಗ 0.2) ಈ ವಾಲಿಕೆ ಸ್ವಲ್ಪ ತಗ್ಗುತ್ತದೆ. ಪೂರ್ತಿ ಹೋಗಬೇಕಾದರೆ ಇಡೀ ಜೀನೋಮ್ ಓದಬೇಕು. ನೀವು ಜರಡಿ ಹಿಡಿದ ಬಗೆಯನ್ನೂ ಒಮ್ಮೆ ನೋಡಿ. ಅಪರೂಪದ ಅಲೀಲ್‌ಗಳನ್ನು 5 ಪ್ರತಿಶತದ ಗೆರೆಯಲ್ಲಿ ಕತ್ತರಿಸಿದ್ದರೆ ನಾಟಿ ಹಂದಿಯ ಸ್ವಂತದ್ದೇ ಮೊದಲು ಹೋಗಿರುತ್ತದೆ. ಅಲೀಲ್ ಜೋಡಿಗಳು ನಿರೀಕ್ಷಿತ ಪ್ರಮಾಣದಲ್ಲಿವೆಯೇ ಎಂದು ನೋಡುವ ಹಾರ್ಡಿ ವೈನ್‌ಬರ್ಗ್ ಪರೀಕ್ಷೆಯನ್ನು ತಳಿಗಳನ್ನು ಬೆರೆಸಿ ಮಾಡಿದ್ದರೆ ತಳಿಗಳನ್ನು ಬೇರ್ಪಡಿಸುವ ಒಳ್ಳೆಯ ಎಸ್‌ಎನ್‌ಪಿಗಳೇ ಕಸವೆಂದು ಹೊರಬಿದ್ದಿರುತ್ತವೆ. ಆ ಪರೀಕ್ಷೆ ತಳಿಯೊಳಗೆ ಮಾತ್ರ.

ಮೈಟೋಕಾಂಡ್ರಿಯಾದ ಒಗಟಿಗೆ ಉತ್ತರ ಇಂಗ್ಲೆಂಡಿನಲ್ಲಿದೆ. ಯೂರೋಪ್ ಮತ್ತು ಏಷ್ಯಾದ ಕಾಡುಹಂದಿಗಳು ಬೇರೆಯಾಗಿ ಸುಮಾರು 10 ಲಕ್ಷ ವರ್ಷಗಳಾಗಿವೆ, ಎರಡೂ ಕಡೆ ಪ್ರತ್ಯೇಕವಾಗಿಯೇ ಪಳಗಿಸಿದರು. ಆದರೆ 18 ಮತ್ತು 19ನೇ ಶತಮಾನಗಳಲ್ಲಿ ಬ್ರಿಟನ್ನಿಗೆ ಚೀನಾದ ಹಂದಿಗಳನ್ನು ಹಡಗಿನಲ್ಲಿ ತಂದು ಸ್ಥಳೀಯ ಹಂದಿಗಳಿಗೆ ಬೆರೆಸಿದರು. ಲಾರ್ಜ್ ವೈಟ್‌ನ ಹಲವು ಹೆಣ್ಣುಸಾಲುಗಳು ಇಂದಿಗೂ ಏಷ್ಯಾದ ಮೈಟೋಕಾಂಡ್ರಿಯಾ ಹೊತ್ತಿವೆ. ಹಾಗಾಗಿ ಅದು ಇಲ್ಲಿನ ಬೆರಕೆಯ ಸಾಕ್ಷಿಯಲ್ಲ. ತಿರುಗಾ ಮುರುಗಾ ಕೂಡ ಹೀಗೆಯೇ: ಮೈಟೋಕಾಂಡ್ರಿಯಾ ತಾಯಿಯಿಂದ ಮಾತ್ರ ಬರುವುದರಿಂದ ನಾಟಿ ಹೆಣ್ಣಿಗೆ ಮೂರು ತಲೆಮಾರು ಯಾರ್ಕ್‌ಷೈರ್ ಗಂಡು ಬಿಟ್ಟರೂ, ಮರಿಯಲ್ಲಿ 87.5 ಪ್ರತಿಶತ ಯಾರ್ಕ್‌ಷೈರ್ ಇದ್ದರೂ, ಆ ಪರೀಕ್ಷೆ ಪೂರ್ತಿ ನಾಟಿ ಎಂದೇ ಹೇಳುತ್ತದೆ.

ಪ್ರಶ್ನೆ: ಈ ಮಾರ್ಕರ್‌ಗಳಿಂದ ಯಾವ ತಳಿ ಬೇಗ ಬೆಳೆಯುತ್ತದೆ, ಹೆಚ್ಚು ಮರಿ ಹಾಕುತ್ತದೆ ಎಂದು ತಿಳಿಯುತ್ತದೆಯೆ?
(ಸಾಕಣೆದಾರರು, ಪುತ್ತೂರು)

ಉತ್ತರ: ತಿಳಿಯದು. ಹೋಲಿಕೆಗೆ ಬಳಸುವ ಮಾರ್ಕರ್‌ಗಳನ್ನು ಗುಣದ ಜೊತೆ ನಂಟಿಲ್ಲದ ಜಾಗಗಳಿಂದಲೇ ಆರಿಸಿರುತ್ತಾರೆ. ನಂಟಿದ್ದರೆ ಆಯ್ಕೆಯ ಪ್ರಭಾವ ನೆಂಟಸ್ತಿಕೆಯ ಲೆಕ್ಕವನ್ನು ಕೆಡಿಸುತ್ತದೆ. ಬೆಳವಣಿಗೆಗೆ ತಕ್ಕಡಿ, ಮರಿಗಳಿಗೆ ಸೂಲಿನ ದಾಖಲೆ, ಇವೇ ಗತಿ. ನೇರ ಉಪಯೋಗದ ಜೀನ್ ಪರೀಕ್ಷೆ ಕೆಲವುಂಟು. ಉದಾಹರಣೆಗೆ ಆರ್‌ವೈಆರ್1 ಜೀನ್: ಅದರ 1843ನೇ ಜಾಗದಲ್ಲಿ ಸಿ ಬದಲು ಟಿ ಬಂದರೆ, ಅದು ಎರಡೂ ಕಡೆಯಿಂದ ಬಂದ ಹಂದಿ ಸಾಗಣೆಯ ಒತ್ತಡಕ್ಕೇ ಸಾಯಬಹುದು, ಮಾಂಸವೂ ಬಿಳಿಚಿ ನೀರು ಬಿಡುತ್ತದೆ. ಪಿಯೆಟ್ರಾನ್ ರಕ್ತವಿರುವ ಗಂಡು ಕೊಳ್ಳುವಾಗ ಈ ಒಂದು ಪರೀಕ್ಷೆ ಕೇಳುವುದು ನ್ಯಾಯ. ಹೆಚ್‌ಎಚ್‌ಎ1 ಕಿಣ್ವ ಸಹಜ ರೂಪವನ್ನು ಕತ್ತರಿಸುತ್ತದೆ, ಬದಲಾದದ್ದನ್ನು ಬಿಟ್ಟುಬಿಡುತ್ತದೆ, ಸಾಮಾನ್ಯ ಲ್ಯಾಬಿನಲ್ಲೇ ಆಗುವ ಕೆಲಸ. ಕಿಣ್ವ ಸತ್ತಿದ್ದರೂ ಕತ್ತರಿಸದ ಪಟ್ಟೆಯೇ ಕಾಣುವುದರಿಂದ ಸಹಜವೆಂದು ಗೊತ್ತಿರುವ ಮಾದರಿಯೊಂದು ಪಕ್ಕದಲ್ಲಿರಲೇಬೇಕು.

ಪ್ರಶ್ನೆ: ಕಾಡಂಚಿನ ನಮ್ಮ ಹಂದಿಗಳಿಗೆ ಕಾಡುಹಂದಿ ಕೂಡಿ ಗೆರೆಗೆರೆ ಮರಿ ಹುಟ್ಟಿವೆ. ಪರೀಕ್ಷೆಯಲ್ಲಿ ಗೊತ್ತಾಗುತ್ತದೆಯೆ?
(ಓದುಗರು, ವಿರಾಜಪೇಟೆ)

ಉತ್ತರ: ಮರಿಯ ಗೆರೆ ಬಲವಾದ ಸೂಚನೆ, ಆದರೆ ಸಾಕಿದ ಕೆಲವು ಹಂದಿಗಳಲ್ಲೂ ಆ ಬಣ್ಣದ ರೂಪ ಉಳಿದಿರುತ್ತದೆ. ಯೂರೋಪಿನಲ್ಲಿ ಇಂಥ ಬೆರಕೆಗೆ ಬಣ್ಣದ ಎಂಸಿ1ಆರ್ ಮತ್ತು ಬೆನ್ನುಮೂಳೆಯ ಮಣಿಗಳ ಸಂಖ್ಯೆ ನಿರ್ಧರಿಸುವ ಎನ್‌ಆರ್6ಎ1 ಜೀನ್‌ಗಳನ್ನು ನೋಡುತ್ತಾರೆ. ಕಾಡುಹಂದಿಗೆ ಎದೆ ಮತ್ತು ಸೊಂಟದ ಮಣಿಗಳು 19, ಯೂರೋಪಿನ ಫಾರಂ ತಳಿಗಳಿಗೆ 21ರಿಂದ 23. ಏಷ್ಯಾದ ನಾಟಿ ಹಂದಿಗಳಲ್ಲಿ ಎನ್‌ಆರ್6ಎ1ರ ಕಾಡುರೂಪವೇ ಸಾಮಾನ್ಯವಾದ್ದರಿಂದ ನಿಮ್ಮ ಹೆಣ್ಣು ನಾಟಿಯಾಗಿದ್ದರೆ ಈ ಜೀನ್ ಏನೂ ಹೇಳದು, ಯಾರ್ಕ್‌ಷೈರ್ ಆಗಿದ್ದರೆ ಹೇಳೀತು. ಸುಲಭದ ದಾರಿ ತಾಯಿ ಮತ್ತು ಮರಿಯ ಮೈಕ್ರೋಸ್ಯಾಟಲೈಟ್ ಒಟ್ಟಿಗೆ ನೋಡುವುದು. ತಾಯಿಯ ಪಾಲು ಕಳೆದರೆ ಉಳಿದದ್ದು ತಂದೆಯದು. ಅದು ನಿಮ್ಮೂರಿನ ಯಾವ ಗಂಡಿಗೂ ಹೊಂದದಿದ್ದರೆ ಕಾಡಿನತ್ತ ನೋಡಬೇಕು. ಹೋಲಿಸಲು ಕಾಡುಹಂದಿಯ ಮಾದರಿ ಬೇಕಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಕೂದಲನ್ನೂ ಮುಟ್ಟಬೇಡಿ. ಅದಕ್ಕಿಂತ ಮೊದಲು ದೊಡ್ಡಿಗೆ ಎರಡನೇ ಸುತ್ತು ಬೇಲಿ ಹಾಕಿ. ಹಂದಿ ಜ್ವರ ಬರಲು ಬೆದೆಯ ಕಾಲವೇ ಆಗಬೇಕೆಂದಿಲ್ಲ, ಬೇಲಿಯಾಚೆಯಿಂದ ಮೂತಿಗೆ ಮೂತಿ ತಾಗಿದರೂ ಸಾಕು.